ಘಟ್ಟ ಹತ್ತಿದ ಮೀನು, ಗದ್ದೆ ಹತ್ತಿದ ಮೀನು

ಅಡಿಕೆ, ಯಾಲಕ್ಕಿಯ ಶಿರಸಿಯಲ್ಲಿ ಮೀನಿನ ಮಾತೇ ಎಂದು ಹುಬ್ಬೇರಿಸುವವರಿದ್ದಾರೆ. ಆದರೆ ಇಲ್ಲಿನ ಮೀನಿನ ರುಚಿಗೂ ಒಂದು ಚರಿತ್ರೆಯಿದೆ.

19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಕರಾವಳಿಯ ಉಪ್ಪು, ಒಣಮೀನು ಘಟ್ಟ ಹತ್ತುತ್ತಿದ್ದವು. ಅದು ಮಂಜುಗಡ್ಡೆ ಇಲ್ಲದ ಕಾಲ. ಎಣ್ಣೆಯಂಶ ಹೆಚ್ಚಿರುವ ಬಂಗಡೆ, ತಾರಲೆ ಬಿಸಿಲಿಗೆ ಬೇಗ ಕೆಡುತ್ತವೆ. ಹಾಗಾಗಿ ಘಟ್ಟದ ಮೇಲೆ ಸಮುದ್ರದ ಮೀನೆಂದರೆ ಹೆಚ್ಚಾಗಿ ಒಣಮೀನೇ. ಹಸಿಮೀನು ಬೇಕಾದರೆ ಹೊಳೆ, ಕೆರೆ, ಗದ್ದೆಗಳೇ ಗತಿ.

ಈಗ ಲಾರಿ, ಮಂಜುಗಡ್ಡೆ ಎರಡೂ ಇವೆ. ಯಾವ ಮೀನು ಉತ್ತಮ? ಮೃದುವಾದ ಬಿಳಿ ಮಾಂಸ ಬೇಕೆಂದರೆ ಕಾಣೆ. ಖಾರದ ಸಾರಿಗೆ ಬಂಗಡೆ. ಮಳೆಗಾಲ ಮುಗಿದ ಮೇಲೆ ಕೊಬ್ಬೇರಿದ ತಾರಲೆ. ಹುಳಿಗೆ ನಮ್ಮ ಕಾಡಿನ ಉಪ್ಪಾಗೆಯೇ ಇದೆ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು.

ಆದರೆ ಮಲೆನಾಡಿಗರನ್ನು ಕೇಳಿದರೆ ಬರುವ ಉತ್ತರ ಬೇರೆ: ‘ಹತ್ತುಮೀನು’. ಮುಂಗಾರಿನ ಮೊದಲ ನೀರಿಗೆ ಎದುರಾಗಿ ಹಳ್ಳ, ಗದ್ದೆಗಳಿಗೆ ಏರಿ ಬರುವ ಮೀನುಗಳಿವು. ಅವು ಬರುವುದು ನಮ್ಮ ಬಾಣಲೆಗಲ್ಲ, ಮೊಟ್ಟೆಯಿಡಲು. ಒಂದು ತಾಯಿಮೀನು ಬುಟ್ಟಿಗೆ ಬಿದ್ದರೆ ಮುಂದಿನ ವರ್ಷದ ನೂರಾರು ಮರಿಗಳೂ ಹೋದಂತೆ.

ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಗದ್ದೆಯ ಬದುವಿನಲ್ಲಿ ಆ ರಜೆ ಕೊಡಬೇಕಾದವರು ನಾವೇ. ಒಣಮೀನು ಕೂಡಿಟ್ಟು ಮಳೆಗಾಲ ಕಳೆದ ಅಜ್ಜಿಯರಿಗೆ ಎರಡು ತಿಂಗಳು ಕಾಯುವುದು ಕಷ್ಟವಾಗಿರಲಿಲ್ಲ.