ಬ್ರೆಡ್ಡು, ಬಾಳೆಹಣ್ಣು, ಕರುಳು: ಗೋಧಿ ಒಗ್ಗದ ಕಾಯಿಲೆಯ ಕಥೆ, ನಂಜನಗೂಡು–ನರಸೀಪುರದ ತಟ್ಟೆಯಿಂದ



ನಮ್ಮ ಮೈಸೂರು ಸೀಮೆಯಲ್ಲಿ ಒಂದು ರೂಢಿ ಇದೆ. ಯಾರಾದ್ರೂ ಆಸ್ಪತ್ರೆ ಸೇರಿದ್ದಾರೆ ಅಂದ್ರೆ, ನೋಡೋಕೆ ಹೋಗೋರು ಬರಿಗೈಲಿ ಹೋಗಲ್ಲ. ಒಂದು ಪೌಂಡ್ ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು ತಗೊಂಡು ಹೋಗ್ತಾರೆ. ಎರಡೂ ಹೊಟ್ಟೆಗೆ ಹಗುರ ಅನ್ನೋ ನಂಬಿಕೆ. ಇವತ್ತು ನಾವು ಮಾತಾಡೋ ಕಾಯಿಲೆಯ ಚರಿತ್ರೆಯಲ್ಲಿ ಈ ಎರಡಕ್ಕೂ ದೊಡ್ಡ ಪಾತ್ರ ಇದೆ. ಬಾಳೆಹಣ್ಣು ಕಾಲು ಶತಮಾನ ಔಷಧಿ ಅಂತ ಮೆರೆಯಿತು. ಬ್ರೆಡ್ಡೇ ವಿಷ ಅನ್ನೋದು ಬಹಳ ತಡವಾಗಿ ಗೊತ್ತಾಯ್ತು.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಅನ್ನೋ ಪ್ರೋಟೀನ್ ಇರುತ್ತೆ. ಹೋಳಿಗೆಗೆ ಕಣಕ ನಾದಿ, ಎಣ್ಣೆ ಹಾಕಿ ನೆನೆಯೋಕೆ ಬಿಟ್ಟು, ಆಮೇಲೆ ಎಳೆದ್ರೆ ರಬ್ಬರಿನ ಹಾಗೆ ಬರುತ್ತಲ್ಲ, ಹರಿಯಲ್ಲವಲ್ಲ, ಅದೇ ಗ್ಲುಟೆನ್. ರಾಗಿ ಹಿಟ್ಟನ್ನ ಹಾಗೆ ಎಳೆಯೋಕೆ ಆಗಲ್ಲ. ಅದನ್ನ ರೊಟ್ಟಿ ತಟ್ಟಬೇಕು, ಇಲ್ಲ ಮುದ್ದೆ ಕಟ್ಟಬೇಕು. ಕೆಲವರ ದೇಹ ಈ ಗ್ಲುಟೆನ್ ಅನ್ನು ಶತ್ರು ಅಂತ ತಿಳಿಯುತ್ತೆ. ಅದರ ಮೇಲೆ ಯುದ್ಧಕ್ಕೆ ಹೊರಟ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳನ್ನು ಹಾಳು ಮಾಡುತ್ತೆ. ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನ ಹಾಗೆ ಸಣ್ಣ ಸಣ್ಣ ಎಳೆಗಳಿಂದ ತುಂಬಿರುತ್ತೆ. ಆಹಾರದ ಸಾರ ಹೀರಿಕೊಳ್ಳೋದು ಆ ಎಳೆಗಳೇ. ಅವು ಸವೆದು ಟವೆಲ್ಲು ಬರೀ ಪಂಚೆಯಂತಾದ್ರೆ, ಎಷ್ಟು ಉಂಡರೂ ಮೈಗೆ ಹತ್ತಲ್ಲ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಬೆಳೆಯದ ಮಗು, ಟೊಳ್ಳಾಗುವ ಮೂಳೆ, ಎಲ್ಲವೂ ಅಲ್ಲಿಂದಲೇ ಶುರು.

ಇದನ್ನು ಗುರುತಿಸೋಕೆ ಮನುಷ್ಯನಿಗೆ ಎಷ್ಟು ಕಾಲ ಬೇಕಾಯ್ತು ಅಂತ ನೋಡಿ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅರೇಟಿಯಸ್ ಎಂಬ ಗ್ರೀಕ್ ವೈದ್ಯ, ಉಂಡದ್ದು ಜೀರ್ಣವಾಗದೆ ಹಾಗೇ ಹೋಗುವ ರೋಗಿಗಳ ಬಗ್ಗೆ ಬರೆದಿದ್ದ. ಹೊಟ್ಟೆಗೆ ಗ್ರೀಕರಲ್ಲಿದ್ದ ಪದದಿಂದಲೇ ಸೀಲಿಯಾಕ್ ಅನ್ನೋ ಹೆಸರು ಬಂತು. 1888ರಲ್ಲಿ ಲಂಡನ್ನಿನ ಡಾ. ಸ್ಯಾಮ್ಯುಯೆಲ್ ಗೀ ಮಕ್ಕಳಲ್ಲಿ ಈ ಕಾಯಿಲೆಯನ್ನು ವಿವರವಾಗಿ ವರ್ಣಿಸಿದರು. ವಾಸಿಯಾಗೋದಿದ್ರೆ ಅದು ಪಥ್ಯದಿಂದಲೇ ಅನ್ನೋದು ಅವರ ಊಹೆ. ಆದ್ರೆ ಯಾವ ಪಥ್ಯ? ಅದು ಅವರಿಗೂ ಸಿಗಲಿಲ್ಲ.

ಇಲ್ಲಿ ಬಾಳೆಹಣ್ಣು ಬರುತ್ತೆ. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್, ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳಿಗೆ ಬ್ರೆಡ್ಡು, ಬಿಸ್ಕತ್ತು, ಆಲೂಗೆಡ್ಡೆ ಎಲ್ಲ ಬಿಡಿಸಿ, ದಿನಾ ಕಳಿತ ಬಾಳೆಹಣ್ಣು ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣಿನ ಪಥ್ಯ ಲೋಕಪ್ರಸಿದ್ಧವಾಯ್ತು. ಬಾಳೆಹಣ್ಣಲ್ಲೇ ಏನೋ ಗುಣ ಇದೆ ಅಂತ ಹಾಸ್ ನಂಬಿದರು. ನಿಜವಾಗಿ ಮಕ್ಕಳನ್ನು ಉಳಿಸಿದ್ದು ತಟ್ಟೆಯಿಂದ ಹೊರಟುಹೋದ ಬ್ರೆಡ್ಡು! ಆ ತಪ್ಪು ತಿಳಿವಳಿಕೆಗೆ ಬೆಲೆ ತೆರಬೇಕಾಯ್ತು. ವಾಸಿ ಆಯ್ತು ಅಂತ ಮಕ್ಕಳು ಮತ್ತೆ ಬ್ರೆಡ್ಡಿಗೆ ಮರಳಿದಾಗ ಕಾಯಿಲೆಯೂ ಮರಳಿ ಬರೋ ದಾರಿ ತೆರೆದೇ ಇತ್ತು.

ರಸಬಾಳೆಯ ಊರಿನವರು ಕೇಳಬೇಕಾದ ಇನ್ನೊಂದು ಮಾತಿದೆ. ಆಗ ಅಮೆರಿಕದ ಅಂಗಡಿಗಳಲ್ಲಿ ಸಿಗ್ತಿದ್ದ ಬಾಳೆ ಗ್ರಾಸ್ ಮಿಷೆಲ್ ಅನ್ನೋ ತಳಿ. ಪನಾಮ ಸೊರಗು ರೋಗ ಬಂದು ಅದರ ತೋಟಗಳು ನೆಲಕಚ್ಚಿದವು. ನಮ್ಮ ನಂಜನಗೂಡು ರಸಬಾಳೆಯನ್ನು ಅಳಿವಿನಂಚಿಗೆ ತಳ್ಳಿದ್ದೂ ಅದೇ ರೋಗ.

ಸರಿಯಾದ ಉತ್ತರ ಸಿಕ್ಕಿದ್ದು ನೆದರ್ಲೆಂಡಿನಲ್ಲಿ. ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನ ಇತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಆ ದೇಶಕ್ಕೆ ಘೋರ ಕ್ಷಾಮ ಬಂತು. ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಊರೆಲ್ಲ ಹಸಿವಿನಿಂದ ಕಂಗೆಟ್ಟಿದ್ದಾಗ ಸೀಲಿಯಾಕ್ ಮಕ್ಕಳ ಸ್ಥಿತಿ ಸುಧಾರಿಸಿತು. ಬ್ರೆಡ್ಡು ವಾಪಸ್ ಬಂತು, ಕಾಯಿಲೆಯೂ ವಾಪಸ್ ಬಂತು. 1950ರಲ್ಲಿ ಡಿಕೆ ಅವರ ಪ್ರಬಂಧ ಇದನ್ನು ಅಳತೆ ಮಾಡಿ ತೋರಿಸಿತು. 1954ರಲ್ಲಿ ಇಂಗ್ಲೆಂಡಿನ ಜಾನ್ ಪಾಲಿ, ರೋಗಿಗಳ ಕರುಳಿನ ಒಳಗೋಡೆಯೇ ಹಾಳಾಗಿರೋದನ್ನು ಕಂಡರು. 1997ರಲ್ಲಿ ಜರ್ಮನಿಯ ಸಂಶೋಧಕರು, ದೇಹದ ದಾಳಿಗೆ ಗುರಿಯಾಗೋ ಕಿಣ್ವ ಯಾವುದು ಅಂತ ಪತ್ತೆ ಮಾಡಿದರು. ಇವತ್ತಿನ ರಕ್ತಪರೀಕ್ಷೆ ನಿಂತಿರೋದು ಅದರ ಮೇಲೆ.

ಹಾಗಾದ್ರೆ ನಮ್ಮ ಕಡೆ?

ಈಗ ಕಾವೇರಿ–ಕಪಿಲೆ ಸೇರೋ ಜಾಗಕ್ಕೆ ಬರೋಣ. ತಿರುಮಕೂಡಲು ನರಸೀಪುರದಲ್ಲಿ 1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅವರು ಉತ್ಖನನ ನಡೆಸಿದಾಗ ನವಶಿಲಾಯುಗದ ನೆಲೆ ಸಿಕ್ಕಿತು. ಅಂದ್ರೆ ಸಾವಿರಾರು ವರ್ಷದಿಂದ ಇಲ್ಲಿ ಜನ ನೆಲೆ ನಿಂತು ಉಂಡು ಬದುಕಿದ್ದಾರೆ. ಆ ಯುಗದ ದಕ್ಷಿಣದ ರೈತರ ಮುಖ್ಯ ಬೆಳೆ ಕಿರುಧಾನ್ಯ, ಹುರುಳಿ, ಹೆಸರು. ಗೋಧಿ ಕರ್ನಾಟಕಕ್ಕೆ ಹೊಸದೇನಲ್ಲ. ಬಳ್ಳಾರಿ ಕಡೆಯ ನವಶಿಲಾಯುಗದ ನೆಲೆಗಳಲ್ಲಿ ಅದರ ಕಾಳು ಸಿಕ್ಕಿದೆ. ಬೆಳಗಾವಿ, ವಿಜಯಪುರದ ಕಡೆ ಇವತ್ತಿಗೂ ಬೆಳೀತಾರೆ. ಆದ್ರೆ ಹಳೇ ಮೈಸೂರಿನ ಹೊಟ್ಟೆ ತುಂಬಿಸಿದ್ದು ಬೇರೆ. ಬೆದ್ದಲಲ್ಲಿ ರಾಗಿ, ಗದ್ದೆಯಲ್ಲಿ ಭತ್ತ. ತಲಕಾಡಿನ ಹತ್ತಿರದ ಮಾಧವಮಂತ್ರಿ ಅಣೆಕಟ್ಟೆಯ ನಾಲೆ ಶತಮಾನಗಳಿಂದ ಭತ್ತಕ್ಕೆ ನೀರುಣಿಸಿದೆ. 1974ರಲ್ಲಿ ಕಬಿನಿ ಜಲಾಶಯ ಮುಗಿದ ಮೇಲೆ ಗದ್ದೆ ಇನ್ನೂ ಹಿಗ್ಗಿತು. ರಾಗಿಯಲ್ಲೂ ಗ್ಲುಟೆನ್ ಇಲ್ಲ, ಅಕ್ಕಿಯಲ್ಲೂ ಇಲ್ಲ.

ಇಲ್ಲಿ ಹೊಟ್ಟೆಯ ಕಾಯಿಲೆ ಇರಲಿಲ್ಲ ಅಂತಲ್ಲ. ನಂಜನಗೂಡು ನಂಜು ಉಂಡ ದೇವರ ಊರು. ಟಿಪ್ಪು ಸುಲ್ತಾನ್ ಆ ದೇವರನ್ನ ಹಕೀಮ್ ನಂಜುಂಡ ಅಂತ ಕರೆದ ಅನ್ನೋ ಪ್ರತೀತಿ ಇದೆ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಶುರು ಮಾಡಿದ್ದೂ ಇದೇ ಊರಲ್ಲಿ. ವಾಸಿಯಾಗದ ಭೇದಿಗೆ ಆಯುರ್ವೇದದಲ್ಲಿ ಗ್ರಹಣಿ ಅಂತ ಹೆಸರು, ಮಜ್ಜಿಗೆಯೇ ಅದಕ್ಕೆ ಮುಖ್ಯ ಪಥ್ಯ. ಇಂಗ್ಲಿಷ್ ವೈದ್ಯರು ಇಂಥದ್ದನ್ನೇ ಸ್ಪ್ರೂ ಅಂದರು. 1960ರ ದಶಕದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಉಷ್ಣವಲಯದ ಸ್ಪ್ರೂ ಸಾಂಕ್ರಾಮಿಕದ ಹಾಗೆ ಹರಡಿತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್, ಮಥಾನ್ ಮೊದಲಾದವರು ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅದರಲ್ಲೂ ಕರುಳಿನ ಎಳೆಗಳು ಸವೆಯುತ್ತವೆ. ಆದ್ರೆ ಅದಕ್ಕೆ ಗೋಧಿ ಕಾರಣ ಅಲ್ಲ, ಫೋಲಿಕ್ ಆಮ್ಲ ಮತ್ತು ಪ್ರತಿಜೀವಕಗಳಿಂದ ವಾಸಿಯಾಗುತ್ತೆ. ಹೀಗಾಗಿ ವೈದ್ಯರ ಮನಸ್ಸಲ್ಲಿ ಒಂದು ನಕ್ಷೆ ಕೂತುಬಿಡ್ತು: ಸೀಲಿಯಾಕ್ ಅಂದ್ರೆ ಬಿಳಿಯರದ್ದು, ಹೆಚ್ಚೆಂದ್ರೆ ಪಂಜಾಬಿನದ್ದು. ದಕ್ಷಿಣದವರಿಗೆ ಅದು ಬರಲ್ಲ.

ಈ ನಕ್ಷೆಯನ್ನು ಪರೀಕ್ಷೆಗೆ ಒಡ್ಡಿದ್ದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ. ಬಿ.ಎಸ್. ರಾಮಕೃಷ್ಣ, ಗೋವಿಂದ ಮಖಾರಿಯಾ ಮೊದಲಾದವರು ಸೇರಿ 23,331 ವಯಸ್ಕರ ರಕ್ತ ಪರೀಕ್ಷಿಸಿದರು. ಉತ್ತರಕ್ಕೆ ಹರಿಯಾಣ, ಈಶಾನ್ಯಕ್ಕೆ ಅಸ್ಸಾಂ, ಅಕ್ಕಿ ಉಣ್ಣುವ ದಕ್ಷಿಣಕ್ಕೆ ವೆಲ್ಲೂರು. ಸೀಲಿಯಾಕ್ ಇದ್ದವರು ಉತ್ತರದಲ್ಲಿ ಸಾವಿರಕ್ಕೆ 8.53, ಈಶಾನ್ಯದಲ್ಲಿ 4.66, ದಕ್ಷಿಣದಲ್ಲಿ ಬರೀ 0.11. ಅಂದ್ರೆ ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರು ಅನ್ನಿ.

ಹಾಗಾದ್ರೆ ನಮ್ಮ ರಕ್ತ ಬೇರೆಯಾ? ಅಲ್ಲ, ಮುಖ್ಯ ವಿಷಯ ಇರೋದೇ ಇಲ್ಲಿ. ಈ ಕಾಯಿಲೆ ಬರೋಕೆ ಡಿಕ್ಯೂ2 ಅಥವಾ ಡಿಕ್ಯೂ8 ಅನ್ನೋ ವಂಶವಾಹಿ ಇರಬೇಕು. ಅದು ಉತ್ತರದಲ್ಲೂ ದಕ್ಷಿಣದಲ್ಲೂ ಹೆಚ್ಚೂಕಮ್ಮಿ ಒಂದೇ ಪ್ರಮಾಣದಲ್ಲಿತ್ತು, ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಎದ್ದು ಕಂಡ ವ್ಯತ್ಯಾಸ ತಟ್ಟೆಯದ್ದು. ಒಬ್ಬರು ದಿನಕ್ಕೆ ಸರಾಸರಿ ತಿನ್ನುವ ಗೋಧಿ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಅಸ್ಸಾಮಿನಲ್ಲಿ ಗೋಧಿ 37 ಗ್ರಾಂ ಮಾತ್ರ, ಆದರೂ ಕಾಯಿಲೆ ಅಷ್ಟಿದೆ. ಹಾಗಾಗಿ ಗೋಧಿಯ ತೂಕವೊಂದೇ ಎಲ್ಲವನ್ನೂ ನಿರ್ಧರಿಸಲ್ಲ ಅನ್ನೋದನ್ನೂ ಮರೆಯಬಾರದು. ಆದರೆ ದಕ್ಷಿಣದವರನ್ನು ಕಾಪಾಡೋ ವಿಶೇಷ ರಕ್ತವೇನೂ ಇಲ್ಲ. ಸೀಮೆಣ್ಣೆ ಮನೆಯಲ್ಲಿತ್ತು, ಬೆಂಕಿಕಡ್ಡಿ ಅಪರೂಪವಾಗಿತ್ತು, ಅಷ್ಟೇ.

ಈಗ ನಮ್ಮ ತಟ್ಟೆ ಹೇಗೆ ಬದಲಾಯ್ತು ನೋಡಿ. 1956ರ ನಂತರ ಪಿಎಲ್ 480 ಒಪ್ಪಂದದಲ್ಲಿ ಅಮೆರಿಕದ ಗೋಧಿ ಹಡಗುಗಟ್ಟಲೆ ಬಂತು. ಆಮೇಲೆ ಹಸಿರು ಕ್ರಾಂತಿಯ ಗೋಧಿ ಬಂತು. ರವೆ ಅಗ್ಗವಾಯ್ತು, ಉಪ್ಪಿಟ್ಟು–ಕೇಸರಿಬಾತು ದಿನದ ತಿಂಡಿಯಾಯ್ತು. ತಾಲ್ಲೂಕು ಕೇಂದ್ರದ ಪ್ರತಿ ಬೀದಿಗೂ ಬೇಕರಿ ಬಂತು. ಸಂತೆಯಿಂದ ಮಕ್ಕಳಿಗೆ ತರ್ತಿದ್ದ ಕಡ್ಲೆಪುರಿಯ ಜಾಗಕ್ಕೆ ಬನ್ನು, ಬಿಸ್ಕತ್ತು, ನೂಡಲ್ಸ್ ಬಂದವು. ಅದಕ್ಕಿಂತ ದೊಡ್ಡ ಬದಲಾವಣೆ ಅಂದ್ರೆ ಸಕ್ಕರೆ ಕಾಯಿಲೆ. ಶುಗರ್ ಬಂತು ಅಂದ ತಕ್ಷಣ ‘ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ’ ಅನ್ನೋ ಮಾತು ಮನೆಮನೆಗೂ ಬಂತು. ಅಜ್ಜಿ ರಾತ್ರಿ ಮುದ್ದೆ ಉಂಡ ಮನೆಯಲ್ಲಿ ಮಗ ಚಪಾತಿ ತಿಂತಾನೆ, ಮೊಮ್ಮಗಳು ಬೆಳಿಗ್ಗೆ ಬ್ರೆಡ್ಡು ತಿಂತಾಳೆ. ಮೂವರ ವಂಶವಾಹಿ ಒಂದೇ.

ಇದನ್ನ ಕೇಳಿ ನಾಳೆಯಿಂದಲೇ ಗೋಧಿ ಬಿಟ್ಟುಬಿಡಬೇಡಿ. ಈ ವಂಶವಾಹಿ ಇರೋರಲ್ಲಿ ಬಹುಪಾಲು ಜನಕ್ಕೆ ಕಾಯಿಲೆ ಬರೋದೇ ಇಲ್ಲ. ಗೋಧಿ ತಿಂದು ಹೊಟ್ಟೆಯುಬ್ಬರ ಆದ್ರೆ ಅದೆಲ್ಲ ಸೀಲಿಯಾಕ್ ಕೂಡ ಅಲ್ಲ. ಹಾಲು ಒಗ್ಗದೇ ಇರಬಹುದು, ಗೋಧಿಯ ಅಲರ್ಜಿ ಇರಬಹುದು, ಕರುಳಿನ ಕ್ಷಯ ಕೂಡ ಇರಬಹುದು. ಇನ್ನೊಂದು ವಿಷಯ ತುಂಬಾ ಮುಖ್ಯ: ಪರೀಕ್ಷೆಗೆ ಮುಂಚೆಯೇ ಗೋಧಿ ನಿಲ್ಲಿಸಿದ್ರೆ ರಕ್ತಪರೀಕ್ಷೆಯೂ ಬಯಾಪ್ಸಿಯೂ ಕಾಯಿಲೆ ಇಲ್ಲ ಅಂತ ತಪ್ಪಾಗಿ ಹೇಳಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಕಾಯಿಲೆ ಖಚಿತ ಆದ್ರೆ ಪಥ್ಯ ಜೀವನಪೂರ್ತಿ.

ಹಾಗಿದ್ರೆ ಯಾರು ಎಚ್ಚರ ಆಗಬೇಕು? ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದ್ರೂ ರಕ್ತ ಏರದ ಹೆಣ್ಣುಮಕ್ಕಳು. ಓರಗೆಯವರ ಭುಜಕ್ಕೂ ಬಾರದ, ಸದಾ ಭೇದಿಯ ಮಗು. ನಮ್ಮ ಕಡೆ ರಕ್ತಹೀನತೆ ಎಷ್ಟು ಸಾಮಾನ್ಯ ಅಂದ್ರೆ, ಅದರ ಮರೆಯಲ್ಲಿ ಈ ಕಾಯಿಲೆ ಸುಲಭವಾಗಿ ಅಡಗಿ ಕೂರುತ್ತೆ. ಅಪರೂಪದ ಕಾಯಿಲೆಯ ಕಷ್ಟ ಅದೇ. ‘ಇಲ್ಲಿ ಅದು ಇಲ್ಲ’ ಅಂದುಕೊಂಡ ಕಡೆ ಯಾರೂ ಹುಡುಕಲ್ಲ, ಹುಡುಕದೇ ಇದ್ದಾಗ ಸಿಗಲ್ಲ. ಸಿಗದೇ ಉಳಿದ ಆ ಒಂದು ಮಗು ಮಾತ್ರ ಬೆಳೆಯೋ ವರ್ಷಗಳನ್ನ ಕಳಕೊಳ್ಳುತ್ತೆ.

ಕಾಯಿಲೆ ಇದ್ದವರಿಗೆ ಹಳೇ ಮೈಸೂರಿನ ಅಡುಗೆಮನೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಮುದ್ದೆ, ಸೊಪ್ಪಿನ ಸಾರು, ಇಡ್ಲಿ, ಅಕ್ಕಿ ರೊಟ್ಟಿ, ಕಡಲೆಹಿಟ್ಟಿನ ಮೈಸೂರು ಪಾಕ್ ಕೂಡ ತಿನ್ನಬಹುದು. ಹುಷಾರಾಗಿರಬೇಕಾದ್ದು ಕದ್ದು ಬರೋ ಗೋಧಿಯ ಬಗ್ಗೆ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆಸಿರ್ತಾರೆ, ಮಾಲ್ಟ್ ಪೇಯಗಳಲ್ಲಿ ಬಾರ್ಲಿ, ಗೋಧಿ ಇರುತ್ತೆ. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ರಾಗಿ ಬೀಸಿದ್ರೆ ಅದೂ ಬೆರೆಯುತ್ತೆ. ಪೊಟ್ಟಣದ ಮೇಲೆ ‘ಗ್ಲುಟೆನ್ ಮುಕ್ತ’ ಅಂತ ಹಾಕಬೇಕಾದ್ರೆ ನಮ್ಮ ದೇಶದ ನಿಯಮದ ಪ್ರಕಾರ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಮೈಸೂರಲ್ಲೇ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಗ್ಲುಟೆನ್ ಇಲ್ಲದ ತಿನಿಸುಗಳ ಮೇಲೂ ಸಂಶೋಧನೆ ಮಾಡಿದೆ.

ಡಾ. ಹಾಸ್ ಬಾಳೆಹಣ್ಣನ್ನ ಹೊಗಳಿದರು, ತಟ್ಟೆಯಿಂದ ಏನು ಹೋಯ್ತು ಅಂತ ನೋಡಲಿಲ್ಲ. ನಾವು ನೋಡಬೇಕಾದ್ದು ನಮ್ಮ ತಟ್ಟೆಗೆ ಏನು ಬಂತು, ಎಷ್ಟು ಬಂತು ಅನ್ನೋದನ್ನ. ರಾಗಿ, ಅಕ್ಕಿ ಉಂಡ ತಲೆಮಾರುಗಳು ತಮಗೇ ಗೊತ್ತಿಲ್ಲದೆ ಒಂದು ಕಾಯಿಲೆಯನ್ನು ದೂರ ಇಟ್ಟಿದ್ದವು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಮಾತ್ರೆಗೆ ಬಗ್ಗದ ರಕ್ತಹೀನತೆ ಇದ್ರೆ, ವೈದ್ಯರ ಹತ್ತಿರ ಈ ಒಂದು ಪರೀಕ್ಷೆಯ ಹೆಸರು ಎತ್ತಿ ನೋಡಿ.