ಹೆಡರ್ (ಪಿಕಪ್ ವಾಹನ)

ಎಂಜಿನ್ನಿನ ಪ್ರತಿ ಸಿಲಿಂಡರಿನ ಹೊಗೆಯನ್ನು ಪ್ರತ್ಯೇಕ ಉಕ್ಕಿನ ಕೊಳವೆಗಳಲ್ಲಿ ತಂದು ಒಂದೆಡೆ ಕೂಡಿಸುವ ಜೋಡಣೆ. ಕಂಪನಿಯ ಎರಕದ ಕಬ್ಬಿಣದ ಮ್ಯಾನಿಫೋಲ್ಡಿಗೆ ಬದಲಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಇದರಿಂದ ನಿಜವಾದ ಲಾಭವಿದೆ: ಕೊಳವೆ ಉದ್ದವಾದಷ್ಟೂ ಎಳೆತ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಈರುಳ್ಳಿ, ದಾಳಿಂಬೆ, ಅಡಿಕೆ ಹೊರುವ ಬೊಲೆರೊದಂಥ ಪಿಕಪ್‌ಗಳು ಹೆಚ್ಚಾಗಿ ಟರ್ಬೊ ಡೀಸೆಲ್. ಅಲ್ಲಿ ಮ್ಯಾನಿಫೋಲ್ಡ್ ಟರ್ಬೊದ ಭಾರವನ್ನೂ ತಡೆಯಬೇಕು. ತೆಳು ಕೊಳವೆ ಕಾದು ತಣಿದು ಬೆಸುಗೆಯಲ್ಲಿ ಬಿರುಕು ಬಿಟ್ಟರೆ ಹೊಗೆ ಟರ್ಬೊ ತಲುಪುವ ಮೊದಲೇ ಸೋರಿ, ತುಂಬಿದ ಗಾಡಿ ಏರಿನಲ್ಲಿ ಸೋಲುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಶಬ್ದ, ಹೊಗೆಯ ಮಿತಿ ಮೀರಿದರೆ 190(2)ರಡಿ 10,000 ರೂಪಾಯಿವರೆಗೆ ದಂಡವುಂಟು. ದುಡಿಯುವ ಪಿಕಪ್‌ಗೆ ಮೂಲ ಮ್ಯಾನಿಫೋಲ್ಡೇ ಸರಿ. ಅದು ಎಂಜಿನ್ನಿಗೆ ಕೂಡುವಲ್ಲಿ ಕರಿಮಸಿ ಕಂಡರೆ ಮೊದಲು ಗ್ಯಾಸ್ಕೆಟ್ ಬದಲಿಸಬೇಕು.