ಬೆಂಗಳೂರು ಪೇಟೆಯ ಬೀದಿಗಳು

ಪಟ್ಟಣವೊಂದರ ಚರಿತ್ರೆಯನ್ನು ಬರೆಯುವವರು ಅದರ ಕೋಟೆಕೊತ್ತಲಗಳನ್ನೂ ದೇವಾಲಯಗಳನ್ನೂ ವರ್ಣಿಸಿ, ಆಳಿದವರ ವಂಶಾವಳಿಯನ್ನು ಹೇಳಿ ಮುಗಿಸುವುದು ವಾಡಿಕೆ. ಬೀದಿಗೂ ಒಂದು ಚರಿತ್ರೆಯುಂಟೆಂಬುದು ಅವರ ಲಕ್ಷ್ಯಕ್ಕೆ ಬರುವುದು ವಿರಳ. ಆದರೆ ಪಟ್ಟಣದ ಏಳ್ಗೆಯನ್ನು ಅಳೆಯುವುದಕ್ಕೆ ಬೀದಿಗಿಂತ ಸರಿಯಾದ ಅಳತೆಗೋಲು ಮತ್ತೊಂದಿಲ್ಲ. ತಲೆಯ ಮೇಲೆ ಹೊರೆ ಹೊತ್ತ ಕೂಲಿಯವನು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿ, ಕೋಲೂರಿ ನಡೆಯುವ ಮುದುಕ, ಇವರು ಹಗಲಿರುಳೆನ್ನದೆ ನಿರ್ಭಯವಾಗಿ ಬೀದಿಯಲ್ಲಿ ಓಡಾಡಬಲ್ಲರೆ? ಈ ಪ್ರಶ್ನೆಗೆ ಯಾವ ಪಟ್ಟಣವು ಸಮಾಧಾನಕರವಾದ ಉತ್ತರವನ್ನು ಕೊಡಬಲ್ಲುದೋ ಅದೇ ಸುಖಿಯಾದ ಪಟ್ಟಣವು. ಬೆಂಗಳೂರಿನ ಹಳೆಯ ಪೇಟೆಯು ಸುಮಾರು ಐದು ಶತಮಾನಗಳಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳನ್ನು ಹುಡುಕಿತು. ಒಂದೊಂದು ಉತ್ತರವೂ ಒಂದು ಕೇಡನ್ನು ತಡೆದು, ಅರಿಯದಂತೆ ಮತ್ತೊಂದಕ್ಕೆ ದಾರಿ ಮಾಡಿತು. ಆ ವೃತ್ತಾಂತವು ಕುತೂಹಲಕರವೂ ಬೋಧಪ್ರದವೂ ಆಗಿದೆ.

೧

ಯಲಹಂಕ ನಾಡಪ್ರಭುಗಳ ವಂಶದ ಒಂದನೆಯ ಕೆಂಪೇಗೌಡನು ವಿಜಯನಗರದ ಅರಸರಿಗೆ ಅಧೀನನಾಗಿದ್ದವನು. ಅವನು ೧೫೩೭ರಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿ ಅದರೊಳಗೆ ಪೇಟೆಯನ್ನು ನಿರ್ಮಿಸಿದನು. ಶುಭಮುಹೂರ್ತದಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕುಗಳಿಗೂ ಉಳಿಸಿದನೆಂದೂ ಆ ಸಾಲುಗಳೇ ಪೇಟೆಯ ರಾಜಬೀದಿಗಳಾದುವೆಂದೂ ಜನರು ಹೇಳುವರು. ಐತಿಹ್ಯವು ಹೇಗಾದರೂ ಇರಲಿ, ತೆಂಕಣಿಂದ ಬಡಗಕ್ಕೆ ಹೋಗುವ ದೊಡ್ಡಪೇಟೆಯೂ ಮೂಡಣಿಂದ ಪಡುವಲಿಗೆ ಹೋಗುವ ಚಿಕ್ಕಪೇಟೆಯೂ ಒಂದನ್ನೊಂದು ಅಡ್ಡಹಾಯುವ ಚೌಕವೇ ಊರಿನ ಹೃದಯವಾಯಿತು. ಅದರ ಸುತ್ತಲೂ ಕಸುಬಿಗೊಂದು ಕೇರಿ ಬೆಳೆಯಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಅಲ್ಲಿ ಯಾರು ಬಾಳಿದರು, ಏನು ಮಾರಿದರು ಎಂಬುದಕ್ಕೆ ಸಾಕ್ಷಿಯಾಗಿ ಇಂದಿಗೂ ಉಳಿದಿವೆ.

ಆ ಕಾಲದಲ್ಲಿ ಬೀದಿಯ ರಕ್ಷಣೆಯೆಂದರೆ ಹೊರಗಿನ ಶತ್ರುವನ್ನೂ ಕಳ್ಳನನ್ನೂ ತಡೆಯುವುದು. ಅದಕ್ಕಾಗಿ ಮಣ್ಣಿನ ಗೋಡೆ, ಆಳವಾದ ಕಂದಕ, ಮುಳ್ಳಿನ ಪೊದೆಗಳ ದಟ್ಟವಾದ ಬೇಲಿ, ಹಲಸೂರು, ಯಲಹಂಕ, ಆನೇಕಲ್ಲು ಮೊದಲಾದ ದಿಕ್ಕುಗಳಿಗೆ ತೆರೆದ ಬಾಗಿಲುಗಳು. ಇದು ಹೊರಗಿನ ಕಾವಲು. ಒಳಗೆ ಇನ್ನೊಂದು ಕಾವಲಿತ್ತು. ಅದಕ್ಕೆ ಸಂಬಳವಿಲ್ಲ, ದವಾಲಿಯಿಲ್ಲ. ಅದೇ ಮನೆಯ ಮುಂದಿನ ಜಗಲಿ. ಕೆಳಗೆ ಅಂಗಡಿ, ಹಿಂದೆ ಇಲ್ಲವೆ ಮೇಲೆ ವಾಸದ ಮನೆ, ಮುಂದೆ ಬೀದಿಗೆ ಸೇರಿದಂತಿರುವ ಜಗಲಿ, ಇದು ಪೇಟೆಯ ಮನೆಯ ಕ್ರಮ. ಮುಂಜಾನೆಯಿಂದ ಊಟದ ಹೊತ್ತಿನವರೆಗೆ ವ್ಯಾಪಾರ. ಸಂಜೆಗೆ ಹಿರಿಯರ ಹರಟೆ. ರಾತ್ರಿ ಅಲ್ಲಿಯೇ ಚಾಪೆ ಹಾಸಿ ಮಲಗುವ ಆಳುಗಳು. ಹೊಸಬನು ಕೇರಿಗೆ ಕಾಲಿಟ್ಟರೆ ನಾಲ್ಕು ಜಗಲಿಗಳಿಂದ ನಾಲ್ಕು ಮಂದಿ “ಯಾರ ಮನೆಗೆ?” ಎಂದು ಕೇಳುತ್ತಿದ್ದರು. ಕೋಟೆಯು ಬಿದ್ದಮೇಲೂ ಬಹುಕಾಲ ಪೇಟೆಯನ್ನು ಕಾಪಾಡಿದ್ದು ಈ ಪ್ರಶ್ನೆಯೇ.

೨

ಕೋಟೆಯು ಬಿದ್ದ ಕಥೆಯು ಪ್ರಸಿದ್ಧವಾದುದು. ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ೧೭೯೧ನೆಯ ಮಾರ್ಚಿ ೭ರಂದು ಪೇಟೆಯ ಬಾಗಿಲನ್ನು ಒಡೆದು ನುಗ್ಗಿತು. ಬಾಗಿಲಿನ ಬಳಿಯಲ್ಲಿಯೇ ಆಂಗ್ಲರ ಕಡೆಯ ಕರ್ನಲ್ ಮೂರ್‌ಹೌಸನು ಮಡಿದನು. ಟಿಪ್ಪುಸುಲ್ತಾನನು ಪೇಟೆಯನ್ನು ಮರಳಿ ಪಡೆಯಲು ಅದೇ ದಿನ ತನ್ನ ದಂಡನ್ನು ಕಳುಹಿಸಿ ಬೀದಿಬೀದಿಗಳಲ್ಲಿ ಕಾದಾಡಿಸಿದರೂ ಫಲವಾಗಲಿಲ್ಲ. ಎರಡು ವಾರಗಳ ಮೇಲೆ, ಮಾರ್ಚಿ ೨೧ರ ರಾತ್ರಿ, ತೆಂಕಣ ಕಲ್ಲುಕೋಟೆಯೂ ಹೋಯಿತು. ವರ್ತಕರು ದಿಕ್ಕಾಪಾಲಾದರು.

ಬೀದಿಯು ಹಾಳಾಗುವುದಕ್ಕೆ ಒಂದು ದಿನ ಸಾಕು. ಅದು ಮತ್ತೆ ತುಂಬುವುದಕ್ಕೆ ವರ್ಷಗಳು ಬೇಕು. ಹಾಗೆ ತುಂಬಿದುದನ್ನು ನೋಡಿ ಬರೆದವನೊಬ್ಬನುಂಟು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ ಕುಂಪಣಿಯ ಅಪ್ಪಣೆಯಿಂದ ಮೈಸೂರು ಸೀಮೆಯನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನನು ಬೆಂಗಳೂರಿನ ನೇಕಾರರನ್ನೂ ಬಣ್ಣಗಾರರನ್ನೂ ವರ್ತಕರನ್ನೂ ಕಂಡು, ಅವರ ಕಸುಬಿನ ವಿವರಗಳನ್ನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟನು. ಚದರಿಹೋಗಿದ್ದ ಜನರು ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಹಿಂದಿರುಗಿ ಬರುತ್ತಿದ್ದ ಕಾಲವದು. ಪೇಟೆಯ ಮೊದಲನೆಯ ಪುನರುಜ್ಜೀವನವೆಂದರೆ ಇದೇ. ಹೊಸ ಕಟ್ಟಡಗಳಿಂದಲೂ ವಿಶಾಲವಾದ ದಾರಿಗಳಿಂದಲೂ ಆದುದಲ್ಲ ಅದು. ಓಡಿಹೋದವರು ಮರಳಿ ಬಂದು ತಮ್ಮ ತಮ್ಮ ಅಂಗಡಿಗಳ ಬಾಗಿಲು ತೆಗೆದರು. ಮಗ್ಗವು ಮತ್ತೆ ಸದ್ದುಮಾಡಿತು. ಬೀದಿಗೆ ಜೀವ ಬಂದಿತು.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಯುದ್ಧದ ಭಯವು ಹೋಯಿತು. ಪೇಟೆಯ ಗೋಡೆಯೂ ಕಂದಕವೂ ಪ್ರಯೋಜನವಿಲ್ಲದವಾಗಿ ಕ್ರಮೇಣ ಮಾಯವಾದುವು. ೧೮೬೨ರಲ್ಲಿ ಪುರಸಭೆಯು ಏರ್ಪಟ್ಟಿತು. ೧೮೬೪ರಲ್ಲಿ ರೈಲು ದಂಡಿನ ಪ್ರದೇಶಕ್ಕೆ ಬಂದಿತು. ವ್ಯಾಪಾರವು ಹೆಚ್ಚಿತು, ಜನರು ಹೆಚ್ಚಿದರು. ಆದರೆ ಪೇಟೆಯ ನೆಲವು ಹೆಚ್ಚಲಿಲ್ಲ. ಒಬ್ಬರಿಗೆಂದು ಕಟ್ಟಿದ ಮನೆಯಲ್ಲಿ ಮೂರು ಸಂಸಾರಗಳು ಸೇರಿದುವು. ಬಚ್ಚಲ ನೀರು ಓಣಿಯಲ್ಲಿ ನಿಂತಿತು. ದವಸದ ಮಂಡಿಗಳ ಪಕ್ಕದಲ್ಲಿಯೇ ಜನರು ಮಲಗಿದರು. ದವಸವಿದ್ದಲ್ಲಿ ಇಲಿಗಳು, ಇಲಿಗಳ ಮೈಮೇಲೆ ಚಿಗಟಗಳು.

೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಅದರ ಸೂಕ್ಷ್ಮಾಣುವನ್ನು ೧೮೯೪ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ಪಂಡಿತನು ಕಂಡುಹಿಡಿದಿದ್ದನು. ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದು ಚಿಗಟವೆಂದು ಸಿಮಾಂಡನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದುದು ಇದೇ ೧೮೯೮ರಲ್ಲಿ. ಲೋಕವು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದುವು. ಆದುದರಿಂದ ಬೆಂಗಳೂರಿನ ಅಧಿಕಾರಿಗಳು ಶತ್ರುವಿನ ದಾರಿಯನ್ನು ಪೂರ್ತಿಯಾಗಿ ಅರಿಯದೆಯೇ ಕಾದಬೇಕಾಯಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲ. ಪ್ಲೇಗ್ ಕಮಿಷನರಾಗಿ ವಿ. ಪಿ. ಮಾಧವರಾಯರು ನೇಮಕವಾದರು. ರೋಗ ಕಾಣಿಸಿದ ಮನೆಗಳನ್ನು ತೆರವು ಮಾಡಿಸಿ, ಜನರನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸಿದರು. ಇಲಿ ಬಿದ್ದಿತೆಂದರೆ ಮನೆಗೆ ಬೀಗ ಹಾಕಿ ಹೊರಡುವುದು ಮುಂದೆ ಎಷ್ಟೋ ವರ್ಷಗಳ ಪರ್ಯಂತ ಕನ್ನಡನಾಡಿನ ಊರುಗಳಲ್ಲಿ ನಡೆಯಿತು. ನಗರವೂ ದಂಡಿನ ಪ್ರದೇಶವೂ ಸೇರಿ ೧೮೯೧ರಲ್ಲಿ ೧,೮೦,೩೬೬ ಇದ್ದ ಜನಸಂಖ್ಯೆಯು ೧೯೦೧ರ ಗಣತಿಯಲ್ಲಿ ೧,೫೯,೦೪೬ಕ್ಕೆ ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದು ಈ ಅಂಕೆಗಳಲ್ಲಿ ಬೇರೆಯಾಗಿ ಕಾಣುವುದಿಲ್ಲ. ಆದರೆ ಬೀಗ ಬಿದ್ದ ಬಾಗಿಲುಗಳ ಸಾಲು ಮಾತ್ರ ಕಣ್ಣಿಗೆ ಕಟ್ಟುತ್ತದೆ.

ಇಲ್ಲಿಂದ ಮುಂದೆ ಬೀದಿಯ ರಕ್ಷಣೆ ಎಂಬ ಮಾತಿನ ಅರ್ಥವೇ ಬದಲಾಯಿತು. ಶತ್ರುವು ಗೋಡೆಯ ಹೊರಗಿಲ್ಲ, ಚರಂಡಿಯಲ್ಲಿರುವನೆಂದು ಜನರು ತಿಳಿದರು. ಗಾಳಿ, ಬೆಳಕು, ನಿರ್ಮಲವಾದ ನೀರು, ಇವೇ ಹೊಸ ಕೋಟೆಗಳು. ಹೆಸರಘಟ್ಟದ ಕೆರೆಯಿಂದ ಕೊಳಾಯಿಗಳ ಮೂಲಕ ನೀರು ತರುವ ಕಾರ್ಯವು ೧೮೯೦ರ ದಶಕದಲ್ಲಿಯೇ ಆಗಿತ್ತು. ೧೯೦೦ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿಸಿದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತಷ್ಟೆ. ೧೯೦೫ನೆಯ ಆಗಸ್ಟ್ ೫ರಂದು ಅದೇ ಶಕ್ತಿಯು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸೀಮೆಎಣ್ಣೆಯ ದೀಪದ ಕೆಳಗೆ ಹತ್ತು ಮಾರು ಮಾತ್ರ ಕಾಣುತ್ತಿದ್ದ ದಾರಿಯು ಈಗ ಕೊನೆಯವರೆಗೂ ಕಂಡಿತು. ಅಂಗಡಿಯವರು ಕತ್ತಲಾದ ಮೇಲೂ ಬಾಗಿಲು ತೆಗೆದಿಡುವುದಕ್ಕೆ ಧೈರ್ಯ ಬಂದಿತು. ಬಾಗಿಲು ತೆರೆದುದರಿಂದ ಗಿರಾಕಿಗಳು ಬಂದರು. ಗಿರಾಕಿಗಳಿದ್ದುದರಿಂದ ಕಳ್ಳರು ಹಿಂಜರಿದರು. ದೀಪವು ತಾನಾಗಿ ಕಾಯುವುದಿಲ್ಲ. ಕಾಯುವ ಜನರನ್ನು ಅದು ಹೊರಗೆ ಕರೆಯುವುದು.

೪

ಆದರೆ ಪ್ಲೇಗಿನ ಕಾಲದ ಮತ್ತೊಂದು ಚಿಕಿತ್ಸೆಯು ಪೇಟೆಗೆ ದೂರದ ಪರಿಣಾಮವನ್ನುಂಟುಮಾಡಿತು. ಬಸವನಗುಡಿ, ಮಲ್ಲೇಶ್ವರ ಎಂಬ ವಿಶಾಲವಾದ ಬಡಾವಣೆಗಳು ಆಗ ಹುಟ್ಟಿದುವು. ಅಗಲವಾದ ಬೀದಿ, ಮನೆಯ ಸುತ್ತ ಹಿತ್ತಿಲು, ಹಿಂಭಾಗದಲ್ಲಿ ಕಸ ತೆಗೆಯುವ ಓಣಿ, ಇವೆಲ್ಲವೂ ಆರೋಗ್ಯಕ್ಕೆ ಅನುಕೂಲವಾದುವೇ. ಅವುಗಳನ್ನು ನಿರ್ಮಿಸಿದವರ ದೂರದೃಷ್ಟಿಯನ್ನು ಕೊಂಡಾಡಲೇಬೇಕು. ಆದರೂ ಅನುಕೂಲವಂತರು ಒಬ್ಬೊಬ್ಬರಾಗಿ ಪೇಟೆಯ ಮನೆಯನ್ನು ಬಿಟ್ಟು ಬಡಾವಣೆಗೆ ಹೋದರು. ಅಂಗಡಿಯು ಪೇಟೆಯಲ್ಲಿ ಉಳಿಯಿತು, ಮನೆ ಹೋಯಿತು. ವಾಸದ ಕೋಣೆಗಳು ಸರಕಿನ ಉಗ್ರಾಣಗಳಾದುವು. ಜಗಲಿಯನ್ನು ಒಡೆದು ಅಂಗಡಿಯನ್ನು ಮುಂದಕ್ಕೆ ತಂದರು. ಹಗಲು ಕಾಲಿಡಲು ಜಾಗವಿಲ್ಲ, ರಾತ್ರಿ ಕೇಳಲು ಜನವಿಲ್ಲ ಎಂಬ ಸ್ಥಿತಿಯು ಪೇಟೆಯ ಎಷ್ಟೋ ಓಣಿಗಳಿಗೆ ಬಂದಿತು. “ಯಾರ ಮನೆಗೆ?” ಎಂದು ಕೇಳುವ ಧ್ವನಿಯು ಅಡಗಿತು.

೧೯೨೦ರ ದಶಕದಲ್ಲಿ ಪೇಟೆಗೂ ಕೋಟೆಗೂ ನಡುವಣ ಸಿದ್ದಿಕಟ್ಟೆಯ ಬಯಲಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ಎದ್ದಿತು. ಯುದ್ಧಭೂಮಿಯು ಹೂವು, ತರಕಾರಿಗಳ ಸಂತೆಯಾದುದು ಸಂತೋಷದ ಸಂಗತಿ. ೧೯೪೯ರಲ್ಲಿ ನಗರವೂ ದಂಡಿನ ಪ್ರದೇಶವೂ ಒಂದೇ ನಗರಸಭೆಯಡಿಯಲ್ಲಿ ಸೇರಿದುವು. ಕೆಂಪೇಗೌಡನು ಪೇಟೆಗಾಗಿ ಕಟ್ಟಿಸಿದ ಧರ್ಮಾಂಬುಧಿ ಕೆರೆಯು ಬತ್ತಿ ಮುಂದೆ ಬಸ್ಸುಗಳ ನಿಲ್ದಾಣವಾಯಿತು. ಎತ್ತಿನ ಗಾಡಿಗೆಂದು ಅಳೆದ ಬೀದಿಗಳಲ್ಲಿ ಲಾರಿಗಳೂ ಮೋಟಾರುಗಳೂ ನುಗ್ಗಿದುವು. ಅವೆನ್ಯೂ ರಸ್ತೆಯೆಂಬ ಹೆಸರು ಪಡೆದ ದೊಡ್ಡಪೇಟೆಯಲ್ಲಿ ಹಳೆಯ ಪುಸ್ತಕಗಳನ್ನು ಕೊಳ್ಳಲು ಬರುವ ವಿದ್ಯಾರ್ಥಿಯು ಒಂದು ಕಣ್ಣನ್ನು ಪುಸ್ತಕದ ಮೇಲೂ ಇನ್ನೊಂದನ್ನು ಬೆನ್ನಹಿಂದಿನ ಚಕ್ರದ ಮೇಲೂ ಇಡಬೇಕಾಯಿತು. ೨೦೨೧ರ ಸೆಪ್ಟೆಂಬರಿನಲ್ಲಿ ನ್ಯೂ ತರಗುಪೇಟೆಯ ಮಳಿಗೆಯೊಂದರಲ್ಲಿ ಕೂಡಿಟ್ಟಿದ್ದ ಪಟಾಕಿಯ ಸರಕು ಸಿಡಿದು ಪ್ರಾಣಹಾನಿಯಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಮುಚ್ಚಿದಂತೆ, ಅಂಥ ಅಪಾಯಗಳ ಬಳಿಕವೇ ಉಗ್ರಾಣಗಳ ವಿಚಾರವು ಜನರ ಬಾಯಿಗೆ ಬರುವುದು.

೫

ಪರಿಹಾರವೇನು? ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಂದಿನ ನಗರಪಾಲಿಕೆಯವರು ಬೀದಿಯನ್ನು ಅಗಲಿಸುವ ಯೋಜನೆಯನ್ನು ಮುಂದಿಟ್ಟರು. ಅವೆನ್ಯೂ ರಸ್ತೆಯ ವರ್ತಕರು ಬಲವಾಗಿ ವಿರೋಧಿಸಿದರು. ಸ್ವಾರ್ಥವೆಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ಅವರ ಮಾತಿನಲ್ಲಿ ತಿರುಳಿತ್ತು. ಹತ್ತು ಹದಿನೈದು ಅಡಿ ಆಳದ ಅಂಗಡಿಯಲ್ಲಿ ಅರ್ಧವನ್ನು ಕತ್ತರಿಸಿದರೆ ಉಳಿಯುವುದು ಬರಿಯ ಗೋಡೆ. ಬೀದಿಯು ಅಗಲವಾದಷ್ಟೂ ವಾಹನದ ವೇಗವು ಹೆಚ್ಚುವುದು. ವೇಗವು ಹೆಚ್ಚಿದಷ್ಟೂ ನಡೆಯುವವನ ಪ್ರಾಣಕ್ಕೆ ಅಪಾಯವು ಹೆಚ್ಚುವುದು. ಜನರನ್ನು ಕಳೆದುಕೊಂಡ ಬೀದಿಯು ಎಷ್ಟು ಅಗಲವಾದರೇನು? ಮತ್ತೊಂದು ಪಕ್ಷದವರ ಮಾತನ್ನೂ ಮರೆಯುವಂತಿಲ್ಲ. ಬೆಂಕಿ ಬಿದ್ದಾಗ ನೀರಿನ ಬಂಡಿಯು ಒಳಗೆ ಬರಬೇಕು. ಹೆರಿಗೆಯ ನೋವು ಬಂದಾಕೆಯು ಆಸ್ಪತ್ರೆಗೆ ಹೋಗಬೇಕು. ದಾರಿಯು ತೆರವಾಗಿರಬೇಕೆಂಬುದು ನಿಜ. ಅದನ್ನು ತೆರವು ಮಾಡುವುದು ಮನೆಗಳನ್ನು ಕೆಡವಿಯೋ, ವಾಹನಗಳನ್ನು ಕಡಿಮೆಮಾಡಿಯೋ ಎಂಬುದೇ ವಿವಾದದ ಮೂಲ.

ಎರಡನೆಯ ದಾರಿಯನ್ನು ಪರೀಕ್ಷಿಸಿದ ನಿದರ್ಶನವು ಅದೇ ನಗರದಲ್ಲಿದೆ. ದಂಡಿನ ಪ್ರದೇಶದ ಚರ್ಚ್ ಸ್ಟ್ರೀಟನ್ನು ೨೦೧೮ರ ವೇಳೆಗೆ ಕಲ್ಲುಹಾಸಿ, ಕಾಲುದಾರಿಯನ್ನು ಅಗಲಮಾಡಿ ಹೊಸದಾಗಿ ನಿರ್ಮಿಸಿದರು. ೨೦೨೦ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ನಿಲ್ಲಿಸಿ ಬೀದಿಯನ್ನು ನಡೆಯುವವರಿಗೇ ಬಿಟ್ಟರು. ಪೇಟೆಗೂ ೨೦೧೭ರ ಜೂನಿನಲ್ಲಿ ನೆಲದಡಿಯ ಮೆಟ್ರೋ ರೈಲು ಬಂದು, ಚಿಕ್ಕಪೇಟೆಯಲ್ಲಿಯೂ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿಯೂ ನಿಲ್ದಾಣಗಳು ತೆರೆದುವು. ಮೋಟಾರಿಲ್ಲದೆ ಪೇಟೆಗೆ ಬರಲು ಸಾಧ್ಯವಾದ ಮೇಲೆ ಮೋಟಾರಿಗಾಗಿ ಪೇಟೆಯನ್ನು ಒಡೆಯಬೇಕಾದ ಕಾರಣವು ಬಹುಮಟ್ಟಿಗೆ ತಪ್ಪಿತು. ಬೀದಿಯ ಬದಿಯ ಹೂವಾಡಗಿತ್ತಿಗೂ ತಳ್ಳುಗಾಡಿಯವನಿಗೂ ೨೦೧೪ರ ಕಾಯಿದೆಯು ಹಕ್ಕಿನ ಆಸರೆಯನ್ನು ಕೊಟ್ಟಿತು. ಅವರನ್ನು ದಾರಿಯ ಅಡಚಣೆಯೆಂದು ಮಾತ್ರ ಎಣಿಸುವುದು ಸರಿಯಲ್ಲ. ಅಂಗಡಿಗಳು ಮುಚ್ಚಿದ ಮೇಲೂ ದೀಪ ಹಚ್ಚಿಕೊಂಡು ಕುಳಿತಿರುವವರು ಅವರೇ. ಬೀದಿಯನ್ನು ಕಾಯುವುದು ಬೀದಿಯ ಜನರ ಕಣ್ಣುಗಳೆಂಬ ತತ್ತ್ವವನ್ನು ಅಮೆರಿಕದ ಜೇನ್ ಜೇಕಬ್ಸ್ ಎಂಬ ವಿದುಷಿಯು ೧೯೬೧ರಲ್ಲಿ ಗ್ರಂಥವಾಗಿ ಬರೆದು ಲೋಕಪ್ರಸಿದ್ಧಳಾದಳು. ಪೇಟೆಯ ಜಗಲಿಯು ಅದನ್ನು ಗ್ರಂಥವಿಲ್ಲದೆ ಬಲ್ಲುದಾಗಿತ್ತು.

ಆ ಬಲ್ಲವಿಕೆಯು ಇಂದಿಗೂ ವರ್ಷಕ್ಕೊಂದು ರಾತ್ರಿ ಪ್ರತ್ಯಕ್ಷವಾಗುವುದು. ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗವು ಹೊರಟು, ಕತ್ತಿ ಹಿಡಿದ ವೀರಕುಮಾರರ ನಡುವೆ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾವನ್ನೂ ಹೊಕ್ಕು, ಬೆಳಗಾಗುವ ವೇಳೆಗೆ ಹಿಂದಿರುಗುವುದು. ಅಂದು ನಡುರಾತ್ರಿಯಲ್ಲಿ ಮುದುಕಿಯರೂ ಮಕ್ಕಳೂ ಮಲ್ಲಿಗೆಯ ಹೂವನ್ನು ಹಿಡಿದು ಮನೆಬಾಗಿಲುಗಳಲ್ಲಿ ಕಾಯುವರು. ಗೋಡೆ ಕಾಯದ, ದೀಪವೊಂದೇ ಕಾಯಲಾರದ ಬೀದಿಯನ್ನು ಆ ರಾತ್ರಿ ಕಾಯುವುದು ಜನಸಂದಣಿಯೇ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಗೋಡೆಯು ಶತ್ರುವನ್ನು ತಡೆಯಿತು, ಗಾಳಿಯನ್ನೂ ತಡೆಯಿತು. ಬಡಾವಣೆಯು ರೋಗವನ್ನು ದೂರಮಾಡಿತು, ವಾಸಿಸುವವರನ್ನೂ ದೂರಮಾಡಿತು. ಮುಂದೆ ಪೇಟೆಯನ್ನು ಉದ್ಧರಿಸಹೊರಟವರು ಕಲ್ಲುಹಾಸನ್ನೂ ದೀಪದ ಕಂಬಗಳನ್ನೂ ಎಣಿಸುವುದರೊಡನೆ, ಅಂಗಡಿಯ ಮೇಲಣ ಮಹಡಿಯಲ್ಲಿ ರಾತ್ರಿ ಅಡಿಗೆಯ ಹೊಗೆಯಾಡುವ ಮನೆಗಳು ಎಷ್ಟು ಉಳಿದಿವೆಯೆಂಬುದನ್ನೂ ಎಣಿಸಲಿ. ಆ ಸಂಖ್ಯೆಯು ಹೆಚ್ಚುವಂತಾದರೆ ಕೆಂಪೇಗೌಡನ ನೇಗಿಲ ಸಾಲು ಬೆಳೆಯುಳ್ಳ ಸಾಲಾಗಿಯೇ ಉಳಿದೀತು.